ಡಿಸ್ಕ್ ಫುಲ್ ಅಣ್ಣ

ಸೇಲಂನ ಶೆವ್ವಾಪೇಟೆಯ ಮಂಡಿಗಳಲ್ಲಿ, ಸಬ್ಬಕ್ಕಿ ಫ್ಯಾಕ್ಟರಿಗಳಲ್ಲಿ, ಧರ್ಮಪುರಿಯ ಜವಳಿ ಅಂಗಡಿಗಳಲ್ಲಿ ‘ಸಿಸ್ಟಮ್ ಅಣ್ಣ’ ಎಂದರೆ ಸಾಕು, ಹೆಸರು ಯಾರಿಗೂ ಬೇಕಿಲ್ಲ. ದೇವಾಂಗರ ಮನೆಯವನು. ಅಜ್ಜ ಗುಂಡಿಮಗ್ಗದಲ್ಲಿ ರೇಷ್ಮೆ ಪಂಚೆ ನೇಯ್ದವರು. ಮೊಮ್ಮಗ ಮನೆಯಲ್ಲಿ ಕನ್ನಡ, ಗಿರಾಕಿಯ ಹತ್ತಿರ ತಮಿಳು ಆಡುತ್ತಾನೆ. ಸರ್ವರ್ ಅನ್ನು ಬೈಯುವಾಗ ಮಾತ್ರ ಎರಡೂ ಸಾಲುವುದಿಲ್ಲ.

ಅವನಿಗೆ ಫೋನ್ ಬರುವುದು ಜಿಎಸ್‌ಟಿ ರಿಟರ್ನಿನ ಗಡುವಾದ 20ನೇ ತಾರೀಖಿನ ಆಸುಪಾಸಿನಲ್ಲೇ. ‘ಬಿಲ್ ಸೇವ್ ಆಗ್ತಿಲ್ಲ. ಡಿಸ್ಕ್ ಫುಲ್ ಅಂತಿದೆ.’

ಅಣ್ಣ ಬಂದ ಕೂಡಲೇ ಮೊದಲಾಳಿಯ ಪಂಚನಾಮೆ ಸಿದ್ಧ: ಹೊಸ ಹುಡುಗ ಸಿನಿಮಾ ಇಳಿಸಿಕೊಂಡಿದ್ದಾನೆ. ಇನ್ನೊಂದು ದೂರು ಡಿಸ್ಕ್ ಮಾರಿದವನ ಮೇಲೆ. ‘1 ಟಿಬಿ ಅಂದ, ತೋರಿಸೋದು 931 ಜಿಬಿ. ತೂಕದಲ್ಲಿ ಹೊಡೆದ!’ ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಮಾಲು ಅಷ್ಟೇ ಇದೆ ಎಂದು ಅಣ್ಣ ವಿವರಿಸುತ್ತಾನೆ. ಮಂಡಿಯಲ್ಲಿ ಕೂದಲು ನರೆತ ಮೊದಲಾಳಿ ಇಂಥ ವಿವರಣೆಗಳನ್ನು ಬಹಳ ಕೇಳಿದ್ದಾರೆ, ನಂಬುವುದಿಲ್ಲ.

ಆಮೇಲೆ ಡಿಸ್ಕಿನ ಜಾಗ ಎಲ್ಲಿ ಹೋಯಿತೆಂದು ತೋರಿಸುವ ವಿನ್‌ಡರ್‌ಸ್ಟ್ಯಾಟ್ ಓಡುತ್ತದೆ. ಪರದೆಯ ತುಂಬ ಬಣ್ಣಬಣ್ಣದ ಚೌಕಗಳು. ಫೈಲುಗಳನ್ನೆಲ್ಲ ಕೂಡಿದರೆ 300 ಜಿಬಿ, ಸಿ ಡ್ರೈವ್ ತುಂಬಿರುವುದು 460. ಉಳಿದ 160 ಎಲ್ಲಿ? ಇಲ್ಲಿ ಅಣ್ಣನ ಕಣ್ಣು ಹೊಳೆಯುತ್ತದೆ. ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್’ ಎಂಬ ಬೀಗ ಹಾಕಿದ ಫೋಲ್ಡರಿನಲ್ಲಿ ವಿಂಡೋಸ್ ತನ್ನ ಪಾಡಿಗೆ ಇಟ್ಟುಕೊಂಡ ಶಾಡೋ ಕಾಪಿಗಳಿರುತ್ತವೆ. ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು ಅವಕ್ಕೆ ಮಿತಿ ಕಟ್ಟುತ್ತಾನೆ. ಮುಂದಿನ ಸರದಿ ಬಿಲ್ಲಿಂಗ್ ಸಾಫ್ಟ್‌ವೇರಿನ ಎಸ್‌ಕ್ಯುಎಲ್ ಡೇಟಾಬೇಸ್: ಡೇಟಾ 4 ಜಿಬಿ, ಲಾಗ್ ಫೈಲ್ 90. ಫುಲ್ ರಿಕವರಿಯಲ್ಲಿಟ್ಟು ಲಾಗ್ ಬ್ಯಾಕಪ್ ತೆಗೆಯದೇ ಹೋದರೆ ಅದು ಬೆಳೆಯುತ್ತಲೇ ಇರುತ್ತದೆ. ಮೊದಲು ಬ್ಯಾಕಪ್, ಆಮೇಲೆ ಶ್ರಿಂಕ್. ಸಿನಿಮಾ ಒಂದೂ ಸಿಗುವುದಿಲ್ಲ. ಹೊಸ ಹುಡುಗ ಆಗ ಟೀ ತರಲು ಹೋಗುತ್ತಾನೆ, ಸ್ವಲ್ಪ ಎದೆಯುಬ್ಬಿಸಿಕೊಂಡೇ.

ನಿಜವಾದ ಕಾಳಗ ಡಿ ಡ್ರೈವಿನಲ್ಲಿ, ಲೆಕ್ಕದವರ ಜೊತೆ. ‘ಟ್ಯಾಲಿ ಓಲ್ಡ್’, ‘ಟ್ಯಾಲಿ ಓಲ್ಡ್ ನ್ಯೂ’, ‘ಟ್ಯಾಲಿ ಫೈನಲ್’, ‘ಫೈನಲ್ 2’, ‘ಮುಟ್ಟಬೇಡಿ’, ಹೀಗೆ ಹನ್ನೊಂದು ಫೋಲ್ಡರ್.

‘ಅಳಿಸ್ಲಾ ಸಾರ್?’

‘ಎಂಟು ವರ್ಷದ ಪುಸ್ತಕ ಇಟ್ಕೊಬೇಕು ಅಂತ ಕಂಪನಿ ಕಾನೂನೇ ಹೇಳುತ್ತಪ್ಪ.’

ಲೆಕ್ಕದವರು ಹೇಳುವುದು ಸರಿ. 2013ರ ಕಂಪನಿ ಕಾಯ್ದೆ ಹಾಗೇ ಹೇಳುತ್ತದೆ. ಆದರೆ ಒಂದೇ ದೀಪಾವಳಿಯ ವ್ಯಾಪಾರವನ್ನು ಅದೇ ಡಿಸ್ಕಿನಲ್ಲಿ ಹನ್ನೊಂದು ಸಲ ಇಡಿ ಎಂದು ಯಾವ ಕಾಯ್ದೆಯೂ ಹೇಳಿಲ್ಲ. ಡಿಸ್ಕ್ ಸುಟ್ಟರೆ ಹನ್ನೊಂದೂ ಒಟ್ಟಿಗೇ ಹೋಗುತ್ತವೆ ಎಂದಾಗ ಲೆಕ್ಕದವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ‘ಹನ್ನೆರಡನೇದು ಮಾಡೋಣ್ವಾ?’ ಎನ್ನುತ್ತಾರೆ. ಅಣ್ಣ ಹೊರಗಿನ ಡಿಸ್ಕಿಗೆ ಒಂದು ಪ್ರತಿ ಹಾಕಿ, ತೆರೆದು ತೋರಿಸಿ, ಅವರ ಬಾಯಿಂದಲೇ ‘ಹ್ಞೂಂ’ ಅನ್ನಿಸಿ, ಆಮೇಲೇ ಡಿಲೀಟ್ ಒತ್ತುತ್ತಾನೆ.

ಒಂದನ್ನು ಮಾತ್ರ ಮುಟ್ಟುವುದಿಲ್ಲ: ‘ಅಣ್ಣ ಟೆಂಪ್’. ಹಿಂದಿನ ಸಲ ಅವನೇ ಇಟ್ಟುಹೋದ ಡ್ರೈವರುಗಳು, ವಿಂಡೋಸಿನ ಮೂರು ಐಎಸ್‌ಓ, ಇಳಯರಾಜಾ ಹಾಡುಗಳು.

ಸಂಜೆ ಹೊತ್ತಿಗೆ ಕೆಂಪು ಪಟ್ಟಿ ನೀಲಿಯಾಗುತ್ತದೆ. ಅಣ್ಣ ಕೂಲಿ ಹೇಳಿದಾಗ ಮೊದಲಾಳಿಯ ಮುಖ ನೋಡಬೇಕು.

‘ಹೊಸ ಸಾಮಾನು ಏನಪ್ಪ ಹಾಕ್ದೆ? ಇದ್ದದ್ದನ್ನ ತೆಗೆದದ್ದಕ್ಕೂ ದುಡ್ಡಾ?’