ಚೈನಪ್ಪನವರ ಜನರೇಟರ್

ಗಂಗಾನಗರದಲ್ಲಿ ಸಿಬಿಐ ಕಚೇರಿ ಇದೆ. ಬಳ್ಳಾರಿ ರಸ್ತೆಯಲ್ಲಿ ಬಸ್ಸಿಳಿದು ಆಟೋದವನಿಗೆ ‘ಸಿಬಿಐ ರೋಡು’ ಅಂದರೆ ಸಾಕು, ಬೇರೆ ಗುರುತು ಹೇಳಬೇಕಾಗಿಲ್ಲ. ಇಂಥ ಕಡೆ ಮನೆ ಮಾಡಿಕೊಂಡವರಿಗೆ ಕಳ್ಳರ ಭಯ ಎಲ್ಲಿಯದು ಎಂದು ನೀವು ಕೇಳಿದರೆ, ನೀವಿನ್ನೂ ಚೈನಪ್ಪನವರನ್ನು ನೋಡಿಲ್ಲ ಎಂದಾಯಿತು. “ಅವರು ಕೋಟಿ ನುಂಗಿದೋರನ್ನ ಹಿಡಿಯೋರು ಸ್ವಾಮಿ. ನನ್ನ ಬಕೆಟ್ ಹೋದ್ರೆ ದಿಲ್ಲಿಯಿಂದ ಆರ್ಡರ್ ಬರಬೇಕು” ಎನ್ನುತ್ತಾರೆ.

ಚೈನಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಬೀದಿಯ ಹುಡುಗರು ಇಟ್ಟದ್ದು. ಅವರ ಮನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ಚೈನು, ಮಹಡಿಯ ಮೇಲಿನ ಸಿಂಟೆಕ್ಸ್ ಮುಚ್ಚಳಕ್ಕೆ ಚೈನು, ಗೇಟಿನ ಪಕ್ಕದ ಕರಿಬೇವಿನ ಕುಂಡಕ್ಕೂ ಚೈನು. ದೇವಸ್ಥಾನಕ್ಕೆ ಹೋದರೆ ಒಂದು ಚಪ್ಪಲಿ ಪೂರ್ವದ ಬಾಗಿಲಲ್ಲಿ ಬಿಡುತ್ತಾರೆ, ಇನ್ನೊಂದು ಉತ್ತರದ ಬಾಗಿಲಲ್ಲಿ. ಸರ್ಕಾರಿ ಇಲಾಖೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ರಿಟೈರಾದ ಮೇಲೆ ಸ್ಟೋರು ಹೋಯಿತು, ಕೀಪರ್ ಉಳಿದರು. ಬೀಗದ ವಿಷಯ ತೆಗೆದರೆ ಗೋದ್ರೆಜ್‌ನವರು 1897ರಲ್ಲಿ ಅಂಗಡಿ ಇಟ್ಟದ್ದೇ ಬೀಗ ಮಾಡುವುದಕ್ಕೆ, ಬೀರು ಸೋಪು ಎಲ್ಲ ಆಮೇಲೆ ಬಂದದ್ದು ಎಂಬಲ್ಲಿಂದ ಶುರುವಾಗಿ ಅಲೀಗಢದ ಬೀಗಕ್ಕೆ ಬಂದು ನಿಲ್ಲುವ ಹೊತ್ತಿಗೆ ನಮ್ಮ ಕಾಫಿ ಆರಿರುತ್ತದೆ.

ಇಂಥವರ ಮನೆಗೆ ಜನರೇಟರ್ ಬಂತು. ಒಂದು ಮೇ ತಿಂಗಳ ಮಳೆಗೆ ಮರ ಬಿದ್ದು ತಂತಿ ಹರಿದು ಎರಡು ದಿನ ಕರೆಂಟಿರಲಿಲ್ಲ. ಮೂರನೆಯ ದಿನ ಮಗ ತಂದುಬಿಟ್ಟ. ಇನ್ವರ್ಟರ್ ಜನರೇಟರು, ಪೆಟ್ರೋಲಿನದು, ಸೂಟ್‌ಕೇಸಿನಷ್ಟು ಗಾತ್ರ, ಇಪ್ಪತ್ತು ಕೆಜಿ ಆಸುಪಾಸು. ಅಂಗಡಿಯವನು ಹೊಗಳಿದ ಗುಣವೇ ಚೈನಪ್ಪನವರ ಎದೆ ನಡುಗಿಸಿತು. “ಮೇಲೆ ಹಿಡಿಕೆ ಯಾಕಪ್ಪ ಕೊಟ್ಟಿದಾರೆ?” ಎಂದರು. “ಒಂದೇ ಕೈಲಿ ಎತ್ಕೊಂಡು ಹೋಗಬೌದು ಸಾರ್.” “ಯಾರು?” ಎಂದರು. ಅಂಗಡಿಯವನು ಉತ್ತರ ಕೊಡಲಿಲ್ಲ.

ಆಮೇಲೆ ಅಷ್ಟು ದೊಡ್ಡ ಮಳೆಯೂ ಬರಲಿಲ್ಲ, ಅಷ್ಟು ಹೊತ್ತು ಕರೆಂಟೂ ಹೋಗಲಿಲ್ಲ. ಜನರೇಟರಿಗೆ ಬೆಳಕು ಕೊಡುವ ಕೆಲಸ ತಪ್ಪಿ, ಕಾಯಿಸಿಕೊಳ್ಳುವ ಕೆಲಸ ಶುರುವಾಯಿತು.

ಮೊದಲು ಹೆಸರು ಕೊರೆಸಬೇಕೆಂದರು. ಸ್ಟಿಕ್ಕರ್ ಕಿತ್ತು ಬರುತ್ತದೆ, ಪೇಂಟು ಉಜ್ಜಿದರೆ ಹೋಗುತ್ತದೆ, ಕೊರೆದದ್ದು ಮಾತ್ರ ನಿಲ್ಲುತ್ತದೆ. ಆರ್‌ಟಿ ನಗರದ ಸ್ಟೀಲ್ ಪಾತ್ರೆ ಅಂಗಡಿಗೆ ಆಟೋದಲ್ಲಿ ಹೊತ್ತುಕೊಂಡು ಹೋದರು. ಪಾತ್ರೆಗೆ ಹೆಸರು ಹಾಕುವ ಹುಡುಗ ಕರೆಂಟಿನ ಪೆನ್ನು ಹಿಡಿದು ಅಭ್ಯಾಸಬಲದಿಂದ ಕೇಳಿದ, “ಯಾವ ಫಂಕ್ಷನ್ ಸಾರ್, ಗೃಹಪ್ರವೇಶಾನಾ, ಸೀಮಂತಾನಾ?” ಹೆಸರು, ಮನೆ ನಂಬರು, ಕ್ರಾಸು, ತಾರೀಖು ಎಲ್ಲ ಹೇಳಿದ್ದಾಯಿತು. ಕೊನೆಯಲ್ಲಿ ಜಾಗ ಉಳಿಯಿತೆಂದು ಹುಡುಗ ತನ್ನ ಪಾಡಿಗೆ ಒಂದು ಹೂವಿನ ಬಳ್ಳಿ ಬಿಟ್ಟ. ಎಂಜಿನ್ನಿನ ಸೀರಿಯಲ್ ನಂಬರನ್ನು ಡೈರಿಯಲ್ಲಿ, ಮಗನ ಫೋನಿನಲ್ಲಿ, ಪಂಚಾಂಗದ ಹಿಂದಿನ ರಟ್ಟಿನಲ್ಲಿ ಬರೆದಿಟ್ಟಿದ್ದಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಕದ್ದ ಮಾಲು ಸಿಕ್ಕಿದರೂ ನಂಬರಿಲ್ಲದೆ ಅದು ನಮ್ಮದೇ ಎಂದು ಸ್ಟೇಷನ್ನಿನಲ್ಲಿ ತೋರಿಸಿಕೊಡುವುದು ಕಷ್ಟ. ಹೂವಿನ ಬಳ್ಳಿಯೂ ಆಗ ಸಾಕ್ಷಿಗೆ ಬರುತ್ತದೆ ಎಂಬುದು ಅವರ ಸಮಾಧಾನ.

ಬೀದಿಯವರು ಕೇಳಿದರೆ ಇಲ್ಲ ಎನ್ನುವ ಮನುಷ್ಯ ಅವರಲ್ಲ. ನಾಮಕರಣಕ್ಕೆ, ಗಣಪತಿ ಪೆಂಡಾಲಿಗೆ, ಟೆರೇಸಿನ ಮೇಲಿನ ಬರ್ತ್‌ಡೇಗೆ ಕೊಡುತ್ತಾರೆ. ಆದರೆ ಜನರೇಟರ್ ಜೊತೆ ಅವರೂ ಬರುತ್ತಾರೆ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೆ ಊಟದ ಎಲೆಯೂ ಅಲ್ಲಿಗೇ ಹೋಗಬೇಕು. ಈಗೀಗ ಕೆಲವರು ಆಮಂತ್ರಣ ಕೊಡುವಾಗಲೇ “ಸಕುಟುಂಬ, ಸಪರಿವಾರ, ಸಜನರೇಟರ್ ಬರಬೇಕು” ಎನ್ನುತ್ತಾರೆ. ಚೈನಪ್ಪನವರು ಬೇಸರ ಮಾಡಿಕೊಳ್ಳುವುದಿಲ್ಲ. ನನ್ನ ಗುಮಾನಿ ಬೇರೆ. ಇಷ್ಟು ವರ್ಷ ಇಷ್ಟು ಬೀಗ ಹಾಕಿ ಕಾದರೂ ಒಬ್ಬ ಕಳ್ಳನೂ ಗೇಟು ಅಲ್ಲಾಡಿಸಿಲ್ಲವಲ್ಲ, ಅದು ಅವರಿಗೆ ಒಳಗೊಳಗೇ ಅವಮಾನ. ಮೂರನೆಯ ಕ್ರಾಸಿನಲ್ಲಿ ಕಳವಾಯಿತೆಂಬ ಸುದ್ದಿ ಬಂದ ದಿನ ಅವರ ಮುಖದಲ್ಲಿ ಕಂಡದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು.

ಹೋದ ಸಲ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಈ ಜನರೇಟರ್ ಹೊರಟಿತು. ಚೈನಪ್ಪನವರ ಹೆಂಡತಿಯ ತವರು ದೊಡ್ಡಬಳ್ಳಾಪುರ ತಾಲ್ಲೂಕು. ಬಾಮೈದ ಹಳ್ಳಿಕಾರ್ ಹೋರಿ ಸಾಕುವವನು. ಚಳಿಗಾಲದಲ್ಲಿ ಪುಷ್ಯ ಮಾಸದ ತೇರಿನ ಮುಂಚೆ ರೈತರು ಜೋಡಿ ಕಟ್ಟಿಕೊಂಡು ಬಂದು ಬಯಲಲ್ಲೇ ಬಿಡಾರ ಹೂಡುತ್ತಾರೆ. ಹೋರಿಗೊಂದು ಪೆಂಡಾಲು, ಸೀರಿಯಲ್ ಲೈಟು, ಕೊಂಬಿಗೆ ಕುಚ್ಚು, ಮೆರವಣಿಗೆಗೆ ತಮಟೆ. “ಭಾವ, ನಿಮ್ಮ ಮಿಷಿನ್ ತತ್ತನ್ನಿ, ಪಕ್ಕದೋನ ಪೆಂಡಾಲಿಗಿಂತ ಜಗ್ಗು ಲೈಟ್ ಬಿಡಾನ” ಎಂದ. ಭಾವ ಒಪ್ಪಿದರು. ಜೊತೆಗಿರಲಿ ಎಂದು ನನ್ನನ್ನೂ ಕರೆದರು. ಇನ್ನೊಂದು ಜೊತೆ ಕಣ್ಣು ಎಂಬ ಲೆಕ್ಕ.

ಹೊರಡುವ ಮುಂಚೆ ಕಾನೂನು ನೋಡಿಕೊಂಡರು. ಕಳ್ಳತನಕ್ಕೆ ಮೊದಲು ಐಪಿಸಿ 379 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದು 303. ಸುಮ್ಮನೆ ಬಯಲಿಂದ ಎತ್ತಿಕೊಂಡು ಹೋದರೆ ಮೂರು ವರ್ಷದವರೆಗೆ ಸಜೆ. ಆದರೆ 305ರಲ್ಲಿ ಒಂದು ಸೊಗಸಿದೆ. ಜನ ವಾಸಿಸುವ ಅಥವಾ ಸ್ವತ್ತು ಕಾಪಾಡಲು ಬಳಸುವ ಕಟ್ಟಡ, ಡೇರೆ, ಹಡಗು ಇವುಗಳಿಂದ ಕದ್ದರೆ ಏಳು ವರ್ಷದವರೆಗೆ. ಡೇರೆ ಎಂಬ ಮಾತು ಓದಿ ಚೈನಪ್ಪನವರು ಎರಡು ಸಲ ಕನ್ನಡಕ ಒರೆಸಿದರು. ಹೊರಗಿದ್ದರೆ ಮೂರು, ಒಳಗಿದ್ದರೆ ಏಳು. ಜನರೇಟರನ್ನು ಡೇರೆಯ ಒಳಗೇ ಇಟ್ಟುಕೊಂಡು ಮಲಗುವುದೆಂದು ತೀರ್ಮಾನವಾಯಿತು.

ಅದನ್ನು ಮಗ ತಡೆದ. ಓಡುವ ಜನರೇಟರಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಇಪ್ಪತ್ತಡಿಯಾದರೂ ದೂರ ಇಡಬೇಕು, ಹೊಗೆ ಕೊಳವೆಯ ಮುಖ ಆಚೆ ತಿರುಗಿರಬೇಕು. ಕಳ್ಳನಿಗೆ ಹತ್ತಿರ ಇಡಬಾರದು, ತಮಗೆ ದೂರ ಇಡಬಾರದು, ಹೊಗೆಯ ದೆಸೆಯಿಂದ ಹತ್ತಿರವೂ ಇಡಬಾರದು. ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಜನರೇಟರಿಗೆ ಬೇರೆಯದೇ ಡೇರೆ ಎಂದಾಯಿತು. ನಾಲ್ಕು ಗೂಟ, ಮೇಲೊಂದು ಟಾರ್ಪಾಲು, ಗಾಳಿಯಾಡಲು ನಾಲ್ಕೂ ಕಡೆ ಬಯಲು. ಗೋಡೆಯಿಲ್ಲದ್ದನ್ನು ಡೇರೆ ಎನ್ನಬಹುದೇ ಎಂದು ಎದುರು ಮನೆಯ ವಕೀಲರನ್ನು ಕೇಳಿದರು. “ಕಳ್ಳ ಒಪ್ಪಿಕೊಂಡ್ರೆ ಎನ್ನಬೌದು” ಎಂದರು ವಕೀಲರು.

ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ ದಾಟಿ ಘಾಟಿ ಸೇರಿದಾಗ ಮಧ್ಯಾಹ್ನ. ಮೊದಲು ದರ್ಶನ. ಅಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ಮೂರ್ತಿ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಎಲ್ಲರೂ ಕೈಮುಗಿದು ಮುಂದೆ ಹೋದರೆ ಚೈನಪ್ಪನವರು ಕನ್ನಡಿಯ ಓರೆಯನ್ನೇ ನೋಡುತ್ತ ನಿಂತರು. ಹಿಂದೆ ಕ್ಯೂನಲ್ಲಿದ್ದವರು ಭಕ್ತಿಯೆಂದು ಸುಮ್ಮನಿದ್ದರು. ಹೊರಗೆ ಬಂದು ಬಳೆ ಅಂಗಡಿಯಲ್ಲಿ ಒಂದು ಕನ್ನಡಿ ಕೊಂಡು ಪೆಂಡಾಲಿನ ಕಂಬಕ್ಕೆ ಕಟ್ಟಿದಾಗಲೇ ನಮಗೆ ಗೊತ್ತಾದದ್ದು. ಮಲಗಿದಲ್ಲಿಂದಲೇ ಬೆನ್ನ ಹಿಂದಿನ ಜನರೇಟರ್ ಕಾಣುತ್ತಿತ್ತು.

ಚೈನು ಹಾಕಿದ್ದನ್ನು ಮಾತ್ರ ಮೆಚ್ಚಬೇಕು. ಹಿಡಿಕೆಗೆ ಹಾಕಲಿಲ್ಲ. ಅದು ಪ್ಲಾಸ್ಟಿಕ್, ಗರಗಸ ತಾಗಿದರೆ ಹೋಯಿತು. ಮೆಕ್ಯಾನಿಕ್ಕಿಗೆ ಹೇಳಿ ಎಂಜಿನ್ ಕೂತ ಫ್ರೇಮಿಗೆ ಒಂದು ಕಬ್ಬಿಣದ ಬಳೆ ಹಾಕಿಸಿದ್ದರು. ಅದರೊಳಗಿಂದ ಚೈನು ತೂರಿಸಿ, ಹೋರಿ ತಂದಿದ್ದ ಕ್ಯಾಂಟರಿನ ಚಾಸಿಗೆ ಬಿಗಿದರು. ಚೈನು ನೆಲಕ್ಕೆ ತಾಗದಂತೆ ಎತ್ತರದಲ್ಲಿತ್ತು. ನೆಲದ ಮೇಲೆ ಬಿದ್ದ ಚೈನಿಗೆ ಕಟರಿನ ಒಂದು ಹಿಡಿ ಊರಿ ಇನ್ನೊಂದರ ಮೇಲೆ ಮೈಭಾರ ಬಿಟ್ಟರೆ ತುಂಡಾಗುತ್ತದೆ, ಗಾಳಿಯಲ್ಲಿದ್ದರೆ ಆ ಆಸರೆ ಸಿಗುವುದಿಲ್ಲ. ಮೂರು ಬೀಗ ಬಿತ್ತು.

ಪಕ್ಕದಲ್ಲೇ ಬಾಮೈದನ ಜೋಡಿ. ನಾಲ್ಕು ಹಲ್ಲಿನ ಹೋರಿಗಳು, ಮೈಮೇಲೆ ನೊಣ ಕೂತರೆ ಜಾರಬೇಕು. ಐದು ಲಕ್ಷಕ್ಕೆ ಕೇಳಿದವರಿಗೆ ಕೊಟ್ಟಿರಲಿಲ್ಲ. ಅವನ್ನು ಕಟ್ಟಿದ್ದು ನಾರಿನ ಹಗ್ಗದಲ್ಲಿ, ಎಳೆದರೆ ಬಿಚ್ಚುವ ಗಂಟು. ಬಾಮೈದ ಬೂಸಾ ಕಲಸಿಟ್ಟು ಅವುಗಳ ಪಕ್ಕ ಹುಲ್ಲಿನ ಮೇಲೆ ಉರುಳಿದವನು ಗೊರಕೆ ತೆಗೆದ.

ಚೈನಪ್ಪನವರು ಮಲಗಲಿಲ್ಲ. ನನಗೂ ಅಮೆರಿಕದ ಕಥೆ ಹೇಳಿ ನಿದ್ದೆ ಕೆಡಿಸಿದರು. ಅಲ್ಲಿ ಚಂಡಮಾರುತ ಬಂದು ವಾರಗಟ್ಟಲೆ ಕರೆಂಟು ಹೋದಾಗ ಕಳ್ಳರು ಓಡುತ್ತಿರುವ ಜನರೇಟರನ್ನೇ ಎತ್ತುತ್ತಾರಂತೆ. ಸದ್ದು ನಿಂತರೆ ಮನೆಯವರು ಏಳುತ್ತಾರಲ್ಲ, ಅದಕ್ಕೆ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಚಾಲೂ ಮಾಡಿ ಆ ಜಾಗದಲ್ಲಿಟ್ಟು ಹೋಗುತ್ತಾರಂತೆ. ಗೊರಕೆಯ ನಡುವೆಯೇ ಬಾಮೈದ ಕಣ್ಣು ಬಿಟ್ಟು, “ಇಲ್ಲಿ ಹುಲ್ಲು ಕತ್ತರಿಸೋ ಮಿಷಿನ್ನಿಗೆ ನಾಕು ಕಾಲು ಭಾವ, ಸದ್ದು ಮಾಡಕಿಲ್ಲ. ಮನಿಕ್ಕಳಿ” ಎಂದು ಮಗ್ಗುಲು ಬದಲಿಸಿದ.

ಆದರೆ ಆ ಕಥೆ ತಲೆಗೆ ಹೊಕ್ಕ ಮೇಲೆ ಸದ್ದು ಕೇಳುತ್ತಿದ್ದರೂ ನಂಬುವಂತಿಲ್ಲ. ಗಂಟೆಗೊಮ್ಮೆ ಎದ್ದು ಟಾರ್ಚು ಬಿಟ್ಟು ಹೂವಿನ ಬಳ್ಳಿ ನೋಡಿ ಬರುತ್ತಿದ್ದರು. ಮೊಬೈಲ್ ಚಾರ್ಜಿಗೆಂದು ಅಕ್ಕಪಕ್ಕದ ಪೆಂಡಾಲಿನವರು ಬಂದರೆ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಹೋರಿಯ ಬಣ್ಣ ಬರೆಸಿಕೊಂಡರು. ಸ್ಟೋರ್ಸ್ ರಿಜಿಸ್ಟರಿನ ಕೈ ಅದು. ಬಂದ ಟೈಮು, ಹೋದ ಟೈಮು, ಸಹಿ. ಬರೆಯಲು ಬಾರದ ಒಬ್ಬ ಅಜ್ಜನಿಂದ ಹೆಬ್ಬೆಟ್ಟೂ ಒತ್ತಿಸಿಕೊಂಡರು. ಆತ ಎಷ್ಟು ಸಾಲ, ಯಾವ ಬ್ಯಾಂಕು ಎಂದು ಕೇಳಿದ.

ಎರಡು ಗಂಟೆಯ ಹೊತ್ತಿಗೆ ಅವರಿಗೂ ಜೋಂಪು ಹತ್ತಿತು. ಸಣ್ಣ ಟ್ಯಾಂಕಿನ ಯಂತ್ರ, ಅಷ್ಟು ಲೈಟು ಎಳೆದರೆ ಪೆಟ್ರೋಲು ಎಷ್ಟು ಹೊತ್ತು ತಡೆದೀತು? ಗಂಟಲು ಕೆರೆದುಕೊಂಡು ನಿಂತಿತು. ಸೀರಿಯಲ್ ಲೈಟು ಆರಿತು. ಜಾತ್ರೆಯ ಬಯಲೆಲ್ಲ ನಿಶ್ಶಬ್ದ. ಆ ನಿಶ್ಶಬ್ದಕ್ಕೆ ಚೈನಪ್ಪನವರು ಸೆಟೆದು ಕೂತು ಕನ್ನಡಿ ನೋಡಿದರು. ಕತ್ತಲಲ್ಲಿ ಕನ್ನಡಿಯಲ್ಲಿ ಏನು ಕಂಡೀತು? “ಕಳ್ಳ! ಕಳ್ಳ!” ಎಂದು ಕೂಗಿದರು. ನೂರಾರು ಟಾರ್ಚು ಹೊತ್ತಿಕೊಂಡವು. ದೊಣ್ಣೆ ಹಿಡಿದು ಬಂದವರೆಲ್ಲ ಮೊದಲು ತಮ್ಮ ತಮ್ಮ ಹೋರಿ ಎಣಿಸಿದರು, ಆಮೇಲೆ ಇತ್ತ ತಿರುಗಿದರು. ಜನರೇಟರು ಮೂರು ಬೀಗದ ಸಮೇತ ಇದ್ದಲ್ಲೇ ಇತ್ತು. ಗಲಾಟೆಗೆ ಎದ್ದ ಕ್ಯಾಂಟರ್ ಡ್ರೈವರು ಹೇಗೂ ಎದ್ದೆನಲ್ಲ, ಊರಿಗೆ ಹೋಗಿ ಹುಲ್ಲು ತುಂಬಿಕೊಂಡು ಬರುತ್ತೇನೆಂದು ಹೊರಟ. ಗಾಡಿ ಚೈನಿನಲ್ಲಿತ್ತು. ಬೀಗದ ಕೈ ಗೊಂಚಲಿನಲ್ಲಿ ಮನೆಯ ಕರಿಬೇವಿನ ಕೈ ಸಿಕ್ಕಿತು, ಸಿಂಟೆಕ್ಸ್ ಕೈ ಸಿಕ್ಕಿತು. ಬೇಕಾದ ಮೂರು ಸಿಗುವ ಹೊತ್ತಿಗೆ ಬೆಳಗಾಗಿತ್ತು.

ಬಿಸಿಲೇರಿದ ಮೇಲೆ ಒಬ್ಬ ದಲ್ಲಾಳಿ ಬಂದ. ರಾತ್ರಿಯ ಕೂಗು ಕೇಳಿ, ಇಷ್ಟು ಕಾಯುವ ಮಾಲು ಏನಿರಬಹುದೆಂದು ನೋಡಲು ಬಂದವನು. ಜನರೇಟರಿನ ಸುತ್ತ ಎರಡು ಸುತ್ತು ಹಾಕಿದ, ಬೆನ್ನು ತಟ್ಟಿದ, ಹೂವಿನ ಬಳ್ಳಿಯ ಮೇಲೆ ಬೆರಳಾಡಿಸಿದ. ಹೆಗಲ ಟವಲು ತೆಗೆದು ಚೈನಪ್ಪನವರ ಕೈ ಮೇಲೆ ಹಾಸಿ ಒಳಗೆ ಒಂದು ಬೆರಳು ಹಿಡಿದ. ದನದ ವ್ಯಾಪಾರದಲ್ಲಿ ರೇಟು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಬೆರಳೇ ಲೆಕ್ಕ, ಹೊರಗಿನವನಿಗೆ ಗೊತ್ತಾಗಬಾರದು.

ಚೈನಪ್ಪನವರ ಮುಖ ಅರಳಿತು. ಹಿಂದಿನ ದಿನವೆಲ್ಲ ಬೆರಳಿಗೆ ಲಕ್ಷದ ಲೆಕ್ಕ ಕೇಳಿದ್ದರು. ಹೊಸದರ ರೇಟಿಗಿಂತ ಜಾಸ್ತಿಯಾಯಿತು. “ಒಂದಕ್ಕೆಲ್ಲ ಕೊಡಲ್ಲಪ್ಪ” ಎಂದು ಗತ್ತಿನಿಂದ ಕೈ ಹಿಂದಕ್ಕೆಳೆದುಕೊಂಡರು. ದಲ್ಲಾಳಿ ಟವಲು ಕೊಡವಿ ನಕ್ಕು ಹೊರಟುಹೋದ.

“ಎಷ್ಟಕ್ಕೆ ಕೇಳಿದ ಭಾವ?” ಬಾಮೈದ ಕೇಳಿದ.

“ಒಂದು ಲಕ್ಷ.”

“ಅಯ್ಯೋ, ಅವ್ನು ಹೋರಿ ದಲ್ಲಾಳಿ ಅಲ್ಲ ಭಾವ. ಹಳೇ ಕಬ್ಬಿಣದೋನು. ಅವ್ನ ಬೆರಳು ಸಾವಿರದ್ದು.”

ಚೈನಪ್ಪನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಿಸೆಯಿಂದ ಕನ್ನಡಕ ತೆಗೆದು, ನನ್ನ ಕಡೆ ತಿರುಗಿ, “ಇದಕ್ಕೆ ಯಾವ ಸೆಕ್ಷನ್ ಬರತ್ತೆ, ನೋಡ್ರಿ” ಎಂದರು.