ನಿರಂಟಾಹಾರ ಮೀಮಾಂಸೆ

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿದ್ದು, ನೀರು ಹಾಕಿ ನಾದಿದಾಗ ಹಿಟ್ಟನ್ನು ರಬ್ಬರಿನಂತೆ ಎಳೆದಾಡಿಸುವ ಜಿಗುಟು ಪ್ರೋಟೀನಿಗೆ ಗ್ಲುಟೆನ್ ಎಂದು ಹೆಸರು. ಅದಿಲ್ಲದ ಊಟವನ್ನು ಇಲ್ಲಿ ನಿರಂಟಾಹಾರವೆಂದು ಕರೆಯಲಾಗಿದೆ. ಸಂಸ್ಕೃತದ ಉಪಸರ್ಗವನ್ನು ಕನ್ನಡದ ಅಂಟಿಗೆ ಅಂಟಿಸಿದ್ದು ಅರಿಸಮಾಸವೆಂದು ವೈಯಾಕರಣರು ಮುನಿಯಬಹುದಾದರೂ, ಮುಂದೆ ಕಾಣುವಂತೆ ಈ ವಿಷಯದ ಮೂಲದೋಷವೇ ಬೆರಕೆಯಾದ್ದರಿಂದ ಪದವನ್ನು ತಿದ್ದದೆ ಬಿಡಲಾಗಿದೆ.

ನಿರಂಟಾಹಾರವು ಉಳ್ಳವರ ಸೊತ್ತು ಎಂಬುದು ಪೂರ್ವಪಕ್ಷ. ಬೆಂಗಳೂರಿನ ಮಾಲುಗಳಲ್ಲಿ ಆ ಮುದ್ರೆ ಹೊತ್ತ ಬಿಸ್ಕತ್ತಿನ ಬೆಲೆಯೇ ಇದಕ್ಕೆ ಪ್ರಮಾಣವೆಂದು ಪಟ್ಟಣಿಗರು ವಾದಿಸುತ್ತಾರೆ. ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ರಸ್ತೆಯಲ್ಲಿ, ಹೆಸರಿನಲ್ಲಿಯೇ ತನ್ನ ಆದಾಯವನ್ನು ಘೋಷಿಸಿಕೊಂಡಿರುವ ಬಡವನಹಳ್ಳಿಯು ಈ ವಾದವನ್ನು ಖಂಡಿಸುತ್ತದೆ. ಬೊಲೊನ್ಯಾದ ಬೆಕಾರಿ ಎಂಬ ವಿದ್ವಾಂಸನು ಗೋಧಿ ಹಿಟ್ಟನ್ನು ತೊಳೆದು ಗ್ಲುಟೆನನ್ನು ಬೇರ್ಪಡಿಸಿದ ಬಗೆಯು ಅಚ್ಚಾದದ್ದು 1745ರಲ್ಲಿ. ಹಿಟ್ಟು, ಎಂದರೆ ಹೊರಗಿನವರು ರಾಗಿ ಮುದ್ದೆಯೆನ್ನುವ ಪದಾರ್ಥವನ್ನು ಬಸ್ಸಾರಿನಲ್ಲಿ ಅದ್ದಿ ನುಂಗುತ್ತಿದ್ದ ಈ ಸೀಮೆಯ ಜನರು, ಅವನು ಆ ವಸ್ತುವನ್ನು ಕಂಡುಹಿಡಿಯುವ ಮೊದಲೇ ಅದನ್ನು ವರ್ಜಿಸಿ ಮುಗಿಸಿದ್ದರು. ರಾಗಿ ತೀರಿದರೆ ನವಣೆ, ಸಾಮೆ, ಕೊರಲೆಗಳಿದ್ದವು. ಇವುಗಳಲ್ಲಿಯೂ ಆ ಅಂಟಿಲ್ಲ. ಹಿಟ್ಟು ತಿಂದವನು ಬೆಟ್ಟ ಕಿತ್ತಿಡುತ್ತಾನೆಂಬ ಗಾದೆಯನ್ನು ಮಾತ್ರ ಎಚ್ಚರಿಕೆಯಿಂದ ಸ್ವೀಕರಿಸಬೇಕು, ಏಕೆಂದರೆ ಇಷ್ಟು ತಲೆಮಾರುಗಳ ಪ್ರಯೋಗದ ನಂತರವೂ ಮಧುಗಿರಿಯ ಏಕಶಿಲಾ ಬೆಟ್ಟವು ಇದ್ದಲ್ಲಿಯೇ ಇದೆ.

ಆದರೆ ರಾಗಿಗಿದ್ದ ಬಡವರ ಧಾನ್ಯವೆಂಬ ಬಿರುದು ಈಗ ಶಿಥಿಲವಾಗಿದೆ. 2025-26ರ ಬೆಂಬಲ ಬೆಲೆಯಲ್ಲಿ ಕ್ವಿಂಟಲ್ ರಾಗಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369, ಗೋಧಿಗೆ 2,425. ಎಂದರೆ ರಾಗಿಯು ಎರಡರಲ್ಲಿ ಯಾವುದರ ಇಮ್ಮಡಿಗಿಂತಲೂ ಮೇಲು. ಕನಕದಾಸರ ರಾಮಧಾನ್ಯಚರಿತೆಯಲ್ಲಿ ಅಕ್ಕಿಯ ಎದುರು ರಾಗಿಯ ಪರವಾಗಿ ಬಂದ ತೀರ್ಪು ಜಾರಿಯಾಗಲು ನಾಲ್ಕು ಶತಮಾನ ಹಿಡಿಯಿತೆಂದು ಇದರಿಂದ ಊಹಿಸಬಹುದು, ನಮ್ಮ ಕೋರ್ಟುಗಳ ಲೆಕ್ಕದಲ್ಲಿ ಇದು ಅತಿ ವಿಳಂಬವೇನಲ್ಲ. ರಾಗಿಯನ್ನು ಖರೀದಿ ಕೇಂದ್ರಕ್ಕೆ ಹಾಕಿ ಆ ದುಡ್ಡಿನಲ್ಲಿ ಬೇಕರಿಯ ಬನ್ನು ಕೊಳ್ಳುವ ಕುಟುಂಬವು ಯಾವ ಪಕ್ಷಕ್ಕೆ ಸೇರುತ್ತದೆಂಬುದನ್ನು ಶಾಸ್ತ್ರವಿನ್ನೂ ನಿರ್ಣಯಿಸಿಲ್ಲ.

ಸೀಲಿಯಾಕ್ ಎಂಬ ರೋಗವುಳ್ಳವರ ವಿಷಯ ಬೇರೆ, ಅದು ನಗೆಯ ಮಾತಲ್ಲ: ಅಂಥವರಲ್ಲಿ ಗ್ಲುಟೆನ್ ಹೊಕ್ಕೊಡನೆ ದೇಹವು ತನ್ನ ಸಣ್ಣ ಕರುಳಿನ ಮೇಲೆಯೇ ಕೈಮಾಡುತ್ತದೆ. ಗೋಧಿಯೇ ಇದರ ಕಾರಣವೆಂದು ಡಚ್ ಮಕ್ಕಳ ವೈದ್ಯ ಡಿಕೆ 1950ರ ತನ್ನ ಮಹಾಪ್ರಬಂಧದಲ್ಲಿ ತೋರಿಸಿದ ಮೇಲೆಯೂ ಆಜೀವ ವರ್ಜನೆಯ ಹೊರತು ಔಷಧಿಯಿಲ್ಲ. ಮನೆಯಲ್ಲಿ ಒಂದು ಮಗುವಿಗೆ ಹೀಗಾದರೆ, ಖರ್ಚು ಅಂಗಡಿಯಲ್ಲಲ್ಲ, ಹಿಟ್ಟಿನ ಗಿರಣಿಯಲ್ಲಿ ಆರಂಭವಾಗುತ್ತದೆ. ನಿಯಮದಂತೆ ಕಿಲೋಗ್ರಾಂ ನಿರಂಟಾಹಾರದಲ್ಲಿ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದು. ಗೋಧಿ ಹಿಟ್ಟಿನ ಹತ್ತನೆಯ ಒಂದು ಪಾಲು ಗ್ಲುಟೆನೆಂದು ಹಿಡಿದರೆ, 10 ಕಿಲೋ ರಾಗಿ ಹಿಟ್ಟಿಗೆ ಬೆರೆಯಬಹುದಾದ ಗೋಧಿ ಹಿಟ್ಟು ಎರಡು ಗ್ರಾಂ, ಎಂದರೆ ಒಂದು ಚಿಟಿಕೆ. ಆದರೆ ಗಿರಣಿಯ ಸರದಿಯಲ್ಲಿ ಮುಂದಿದ್ದವರ ಚಪಾತಿ ಗೋಧಿ ಬೀಸಿದ ಕಲ್ಲಿನಲ್ಲಿ ಉಳಿಯುವುದು ಹಿಡಿಯಷ್ಟು. ತಮ್ಮ ಹಿಟ್ಟಿಗೆ ಪಕ್ಕದ ಮನೆಯ ಖಾರದ ಪುಡಿ ಸೇರಿತೆಂದು ಜಗಳಕ್ಕೆ ನಿಲ್ಲುವವರು ಗೋಧಿ ಸೇರಿದರೆ ಲಾಭವಾಯಿತೆಂದೇ ತಿಳಿಯುತ್ತಾರೆ. ಇನ್ನು ಸಾರಿಗೆ ಹಾಕುವ ಇಂಗಿನ ಡಬ್ಬಿಯಲ್ಲಿ ಹಲವು ಬಾರಿ ಇಂಗಿಗಿಂತ ಮೈದಾ ಹೆಚ್ಚು, ಯುಗಾದಿಯ ಒಬ್ಬಟ್ಟಿನ ಕಣಕವಂತೂ ಪೂರ್ತಿ ಅಂಟೇ.

ಗಿರಣಿಯ ಬೆರಕೆಗೆ ಪರಿಹಾರವೆಂದರೆ ಹಿತ್ತಲಲ್ಲಿ ಬಟ್ಟೆ ಒಗೆಯಲು ಮಲಗಿಸಿರುವ ರಾಗಿಕಲ್ಲನ್ನು ಎಬ್ಬಿಸಿ, ಉಳಿ ಹಿಡಿಸಿ, ಹೊಸ ಗೂಟ ಹೂಡುವುದು. ಕಲ್ಲಿಗೂ ಗೂಟಕ್ಕೂ ಖರ್ಚು ಬರೆದ ಮೇಲೆ, ಬೀಸುವ ಕೂಲಿಯ ಅಂಕಣದಲ್ಲಿ ಸೊಸೆಯ ಮುಂದೆ ಸೊನ್ನೆ ಹಾಕುವುದು ಶಾಸ್ತ್ರದ ರೂಢಿ. ಆ ಸೊನ್ನೆಯನ್ನು ಆಕೆಯೆದುರು ಗಟ್ಟಿಯಾಗಿ ಓದಿ ಹೇಳಲು ಮಾತ್ರ ಯಾವ ಮೀಮಾಂಸಕನೂ ಇದುವರೆಗೆ ಮುಂದೆ ಬಂದಿಲ್ಲ.