ಫ್ರೀ ಇದೀರಾ ಸಾರ್?

(ಎಚ್‌ಎಸ್‌ಆರ್ ಲೇಔಟ್ ಆಟೋ ಸ್ಟ್ಯಾಂಡ್. ಬಿಸಿಲಿಗೊಂದೇ ಓವರ್‌ಟೈಮ್.)

— ಏನ್ ಸಾರ್, ಆಫೀಸ್ ಇಲ್ವಾ?

— ನಾನೇ ಆಫೀಸು ರಾಜಣ್ಣ. ಫ್ರೀಲಾನ್ಸ್ ಪ್ರೋಗ್ರಾಮರ್ರು.

— ಓ, ಅದಕ್ಕೇ ಫ್ರೀಯಾಗಿದೀರಿ!

— ಎಲ್ಲಿ ಫ್ರೀ? ಕೆಲಸ ಕೊಡಿ ಅಂತ ಬಿಡ್ ಹಾಕೋಕೇ ಡಾಲರ್ ಕಟ್ಬೇಕು.

— ನಾವೂ ಆ್ಯಪ್‌ಗೆ ದಿನಕ್ಕೆ 25 ರೂಪಾಯಿ ಕಟ್ತೀವಿ. ಸವಾರಿ ಸಿಗತ್ತೆ. ನಿಮಗೆ?

— ‘ನಿಮ್ಮ ಪ್ರೊಫೈಲ್ ನೋಡಿದಾರೆ’ ಅನ್ನೋ ಮೆಸೇಜ್ ಸಿಗತ್ತೆ.

— ಹೆಣ್ಣು ನೋಡೋಕೆ ಬಂದಂಗೆ! ಉಪ್ಪಿಟ್ಟು ತಿಂದು ಹೋದ್ರಾ?

— ತಿಂದ್ರು. ಸ್ಯಾಂಪಲ್ ಅಂತ ಇಡೀ ವೆಬ್‌ಸೈಟ್ ಮಾಡಿಸ್ಕೊಂಡು, ‘ಊರಿಗೆ ಹೋಗಿ ಕಾಗದ ಬರೀತೀವಿ’ ಅಂದ್ರು.

— ಈಗ ಕಾಗದ ಯಾರ್ ಬರೀತಾರೆ?

— ಎಐ.

— ಕೋಡು?

— ಅದೂ ಎಐ. ಕೆಟ್ರೆ ರಿಪೇರಿಗೆ ನಾನು, ಅರ್ಧ ರೇಟಿಗೆ.

— ಬಿಡಿ ಸಾರ್. ಎಲ್ಲಿಗ್ ಬಿಡ್ಲಿ?

— ಎಲ್ಲಿಗೂ ಬೇಡ. ಆಟೋ ಬ್ಯಾಡ್ಜ್ ಮಾಡ್ಸೋಕೆ ಎಷ್ಟಾಗತ್ತೆ?

— ಮೊನ್ನೆ ನಿಮ್ ಹಳೇ ಮ್ಯಾನೇಜರ್ರೂ ಇದನ್ನೇ ಕೇಳಿದ್ರು!